ಸೇನೆ ಹೋಯಿತು, ಬಾಡಿಗೆದಾರರು ಬಂದರು: ಪ್ರೆಸಿಡಿಯೋ ಪಾರ್ಕ್ ಆದ ಕಥೆ

ಅಮೆರಿಕದಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿ ಬಂದ ಅಪ್ಪ-ಅಮ್ಮಂದಿರ ಫೋನಿನಲ್ಲಿ ಗೋಲ್ಡನ್ ಗೇಟ್ ಸೇತುವೆಯ ಫೋಟೋ ಒಂದಾದರೂ ಇರುತ್ತದೆ, ಅಲ್ವಾ? ಅದರಲ್ಲಿ ಎಲ್ಲರ ಕಣ್ಣು ಸೇತುವೆಯ ಮೇಲೆ. ಸೇತುವೆಯ ದಕ್ಷಿಣ ತುದಿಯಲ್ಲಿ, ಊರಿನ ಕಡೆಗೆ, ದಟ್ಟ ಮರಗಳ ಗುಡ್ಡ ಒಂದಿದೆ. ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದೇ ಪ್ರೆಸಿಡಿಯೋ. ವಿಸ್ತೀರ್ಣ 1,491 ಎಕರೆ. ಲಾಲ್‌ಬಾಗ್ 240 ಎಕರೆ ಅಂತ ಲೆಕ್ಕ ಹಾಕಿದರೆ, ಆರು ಲಾಲ್‌ಬಾಗ್ ಹಿಡಿದು ಇನ್ನೂ ಸ್ವಲ್ಪ ಉಳಿಯುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಸೈಟಿನ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅಂಥ ಊರಿನಲ್ಲಿ, ಸಮುದ್ರಕ್ಕೆ ಮುಖ ಮಾಡಿರುವ ಇಷ್ಟು ದೊಡ್ಡ ಜಾಗ ಅಪಾರ್ಟ್‌ಮೆಂಟ್ ಆಗದೆ ಪಾರ್ಕ್ ಆಗಿ ಉಳಿದದ್ದು ಹೇಗೆ? "ಸೇನೆ ಬಿಟ್ಟುಕೊಟ್ಟಿತು, ಸರ್ಕಾರ ಪಾರ್ಕ್ ಮಾಡಿತು" ಅಂತ ಒಂದು ಸಾಲಿನಲ್ಲಿ ಮುಗಿಸುವವರು ಜಾಸ್ತಿ. ಆದರೆ ಜಾಗ ಸಿಕ್ಕಿದ್ದು ಇದರಲ್ಲಿ ಸುಲಭದ ಭಾಗ. ಕಷ್ಟದ ಪ್ರಶ್ನೆ ಬೇರೆಯೇ ಇತ್ತು. ಇದನ್ನು ವರ್ಷ ವರ್ಷ ಸಾಕುವವರು ಯಾರು? ಆ ಪ್ರಶ್ನೆಗೆ ಸಿಕ್ಕ ಉತ್ತರವೇ ಈ ಪಾರ್ಕಿನ ರೂಪವನ್ನು ತೀರ್ಮಾನಿಸಿತು.

ಮೊದಲು ಜಾಗ ಖಾಲಿ ಉಳಿದದ್ದು ಯಾಕೆ ಅಂತ ನೋಡೋಣ. ಇಲ್ಲಿ ಮೊದಲಿನಿಂದ ಇದ್ದವರು ಓಲೋನಿ ಜನ. 1776ರಲ್ಲಿ ಸ್ಪೇನಿನವರು ಬಂದು ಕೊಲ್ಲಿಯ ಬಾಯಿಯಲ್ಲಿ ಕೋಟೆ ಕಟ್ಟಿದರು. ಹಡಗು ಒಳಗೆ ಬರಬೇಕಾದರೆ ಆ ಇಕ್ಕಟ್ಟಾದ ಬಾಯಿಯಲ್ಲೇ ಬರಬೇಕು, ಹಾಗಾಗಿ ಫಿರಂಗಿ ಇಡಲು ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಆಮೇಲೆ ಮೆಕ್ಸಿಕೋದವರ ಕೈಗೆ ಹೋಯಿತು. 1840ರ ದಶಕದ ಯುದ್ಧದಲ್ಲಿ ಅಮೆರಿಕದ ಸೇನೆ ಹಿಡಿದುಕೊಂಡಿತು. ಅಲ್ಲಿಂದ 1994ರ ತನಕ ಬಿಡಲಿಲ್ಲ. ಮೂರು ಬಾವುಟ, ಒಟ್ಟು 218 ವರ್ಷ ಸೈನಿಕರ ಜಾಗ. ಪಕ್ಕದಲ್ಲಿ ಚಿನ್ನದ ಹುಚ್ಚಿಗೆ ಊರು ಉಬ್ಬಿತು, ಭೂಕಂಪಕ್ಕೆ ಬಿತ್ತು, ಮತ್ತೆ ಎದ್ದಿತು. ಬೇಲಿಯ ಒಳಗೆ ಮಾತ್ರ ಬಿಲ್ಡರ್‌ಗಳಿಗೆ ಪ್ರವೇಶ ಇರಲಿಲ್ಲ.

ಆ ಮರಗಳು ಕೂಡ ತಾವಾಗಿ ಬೆಳೆದವಲ್ಲ. ಇದು ಮೂಲತಃ ಮರಳು ದಿಬ್ಬ, ಹುಲ್ಲು, ಕುರುಚಲು ಗಿಡಗಳ ಬೋಳು ಗುಡ್ಡ, ಗಾಳಿಯೋ ಗಾಳಿ. 1883ರಲ್ಲಿ ಮೇಜರ್ ವಿಲಿಯಂ ಜೋನ್ಸ್ ಅನ್ನುವ ಸೇನಾ ಇಂಜಿನಿಯರ್ ಇಲ್ಲಿ ಕಾಡು ಬೆಳೆಸುವ ಯೋಜನೆ ಬರೆದ. ಗುಡ್ಡದ ನೆತ್ತಿಯ ಮೇಲೆ, ಗಡಿಯ ಉದ್ದಕ್ಕೂ, ಮರಳು ಹಾರುವ ಕಡೆಗಳಲ್ಲಿ ಮರ ನೆಡಬೇಕು, ಊರಿನಿಂದ ನೋಡಿದವರಿಗೆ ಸೇನೆಯ ಜಾಗ ಬೇರೆಯಾಗಿ, ದೊಡ್ಡದಾಗಿ ಕಾಣಬೇಕು ಅನ್ನುವುದು ಅವನ ಲೆಕ್ಕ. ನೀಲಗಿರಿ, ಮಾಂಟೆರೇ ಪೈನ್, ಮಾಂಟೆರೇ ಸೈಪ್ರೆಸ್ ಸಾಲು ಸಾಲಾಗಿ ನೆಟ್ಟರು, ಸಿಪಾಯಿಗಳನ್ನು ಕವಾಯತಿಗೆ ನಿಲ್ಲಿಸಿದ ಹಾಗೆ. ಇವತ್ತಿಗೂ ಆ ಕಾಡಿನೊಳಗೆ ನಡೆದರೆ ಸಾಲು ಕಾಣುತ್ತದೆ.

ಈಗ ಕಾನೂನಿಗೆ ಬರೋಣ. 1972ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಂಸದ ಫಿಲಿಪ್ ಬರ್ಟನ್ ಗೋಲ್ಡನ್ ಗೇಟ್ ಸುತ್ತಮುತ್ತಲಿನ ಕರಾವಳಿಯನ್ನೆಲ್ಲ ಒಂದು ರಾಷ್ಟ್ರೀಯ ಉದ್ಯಾನವಾಗಿ ಮಾಡುವ ಮಸೂದೆ ತಂದರು. ಪ್ರೆಸಿಡಿಯೋದಲ್ಲಿ ಆಗ ಸೇನೆ ಬಲವಾಗಿ ಕೂತಿತ್ತು, ಹೋಗುವ ಯಾವ ಲಕ್ಷಣವೂ ಇರಲಿಲ್ಲ. ಬರ್ಟನ್ ಜಗಳಕ್ಕೆ ಹೋಗಲಿಲ್ಲ. ಸುಮ್ನೆ ಒಂದು ಷರತ್ತು ಸೇರಿಸಿದರು: ಯಾವತ್ತಾದರೂ ರಕ್ಷಣಾ ಇಲಾಖೆ ಈ ಜಾಗ ತನಗೆ ಬೇಡ ಅಂತ ತೀರ್ಮಾನಿಸಿದರೆ, ಅದು ಉದ್ಯಾನಕ್ಕೆ ಸೇರಬೇಕು. ಅಷ್ಟೇ.

ಈ ಷರತ್ತಿನ ಬೆಲೆ ಗೊತ್ತಾಗಬೇಕಾದರೆ ಮಾಮೂಲಿಯಾಗಿ ಏನಾಗುತ್ತದೆ ಅಂತ ತಿಳಿಯಬೇಕು. ಅಮೆರಿಕದಲ್ಲಿ ಸೇನೆ ಒಂದು ನೆಲೆ ಮುಚ್ಚಿದರೆ ಆ ಜಾಗ 'ಹೆಚ್ಚುವರಿ ಆಸ್ತಿ' ಆಗುತ್ತದೆ. ಬೇರೆ ಕೇಂದ್ರ ಇಲಾಖೆಗಳಿಗೆ ಬೇಕಾ ಅಂತ ಕೇಳುತ್ತಾರೆ, ಆಮೇಲೆ ಸ್ಥಳೀಯ ಆಡಳಿತವನ್ನು ಕೇಳುತ್ತಾರೆ, ಉಳಿದದ್ದು ಮಾರಾಟ. ಪ್ರೆಸಿಡಿಯೋದಂಥ ಜಾಗ ಆ ಸಾಲಿನಲ್ಲಿ ನಿಂತಿದ್ದರೆ ಎಷ್ಟು ಜನ ಕೈ ಚಾಚುತ್ತಿದ್ದರೋ. ಬರ್ಟನ್ ಆ ಸಾಲನ್ನೇ ತಪ್ಪಿಸಿಟ್ಟರು. 1983ರಲ್ಲಿ ಅವರು ತೀರಿಕೊಂಡರು, ತಮ್ಮ ಷರತ್ತು ಕೆಲಸಕ್ಕೆ ಬಂದದ್ದನ್ನು ನೋಡಲಿಲ್ಲ.

ಅದೇ ಕಾನೂನಿನಲ್ಲಿ ಸೇನೆ ಹೊಸದಾಗಿ ಕಟ್ಟುವುದಕ್ಕೂ ಮಿತಿ ಇತ್ತು. 1980ರ ದಶಕದಲ್ಲಿ, ಪ್ರೆಸಿಡಿಯೋದ ದಂಡೆಯಲ್ಲಿರುವ ಕ್ರಿಸ್ಸಿ ಫೀಲ್ಡ್ ಬಯಲಿನಲ್ಲಿ ಸೇನೆ ಒಂದು ಅಂಚೆ ಕಚೇರಿ ಕಟ್ಟಲು ಹೊರಟಾಗ ಪರಿಸರ ಸಂಘಟನೆ ಸಿಯೆರಾ ಕ್ಲಬ್ ಕೋರ್ಟಿಗೆ ಹೋಗಿ ನಿಲ್ಲಿಸಿತು. ಒಂದು ಅಂಚೆ ಕಚೇರಿಗೆ ಇಷ್ಟೊಂದಾ ಅನ್ನಿಸಬಹುದು. ಆದರೆ ಸೇನೆಯ ಜಾಗದಲ್ಲೂ ನಾಗರಿಕರಿಗೆ ಮಾತಾಡುವ ಹಕ್ಕಿದೆ ಅನ್ನುವುದು ಆಗಲೇ ಪಕ್ಕಾ ಆಯಿತು.

1988ರ ಕೊನೆಗೆ, ದೇಶದಾದ್ಯಂತ ಯಾವ ಯಾವ ಸೇನಾ ನೆಲೆಗಳನ್ನು ಮುಚ್ಚಬಹುದು ಅಂತ ನೋಡಲು ನೇಮಿಸಿದ್ದ ಆಯೋಗ ತನ್ನ ಪಟ್ಟಿ ಕೊಟ್ಟಿತು. ಅದರಲ್ಲಿ ಪ್ರೆಸಿಡಿಯೋ ಹೆಸರಿತ್ತು. 1994ರ ಅಕ್ಟೋಬರ್ 1ರಂದು ಜಾಗ ರಾಷ್ಟ್ರೀಯ ಉದ್ಯಾನ ಇಲಾಖೆಯ ಕೈಗೆ ಬಂತು.

ಇಲ್ಲಿಂದ ತಲೆನೋವು ಶುರು. ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬೆಟ್ಟ, ಕಣಿವೆ, ಬಿಸಿನೀರಿನ ಬುಗ್ಗೆ ನೋಡಿಕೊಂಡು ಅಭ್ಯಾಸ. ಇಲ್ಲಿ ಸಿಕ್ಕಿದ್ದು ಒಂದು ಇಡೀ ಊರು. ಸುಮಾರು 800 ಕಟ್ಟಡಗಳು. ಬ್ಯಾರಕ್, ಅಧಿಕಾರಿಗಳ ಮನೆ, ಆಸ್ಪತ್ರೆ, ಕುದುರೆ ಲಾಯ, ವಿಮಾನದ ಹ್ಯಾಂಗರ್, ಚರ್ಚು, ಬೌಲಿಂಗ್ ಆಟದ ಮನೆ, ಬೇಕರಿ, ಸ್ಮಶಾನ, ಸಾಕುಪ್ರಾಣಿಗಳಿಗೆ ಪ್ರತ್ಯೇಕ ಸ್ಮಶಾನ ಕೂಡ. ತನ್ನದೇ ನೀರು ಸರಬರಾಜು, ತನ್ನದೇ ಕರೆಂಟ್ ಲೈನು, ತನ್ನದೇ ಅಗ್ನಿಶಾಮಕ ದಳ. ಕಟ್ಟಡಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಚಾರಿತ್ರಿಕ ಮಹತ್ವದವು, ಮುಟ್ಟುವ ಹಾಗಿಲ್ಲ, ಕೆಡವುವುದಂತೂ ದೂರದ ಮಾತು. ಜನ ಇಲ್ಲದ ಮನೆ ಎಷ್ಟು ಬೇಗ ಹಾಳಾಗುತ್ತದೆ ಅಂತ ಹಳ್ಳಿಯಲ್ಲಿ ಹಳೇ ಮನೆ ಬೀಗ ಹಾಕಿ ಬಂದವರಿಗೆ ಗೊತ್ತಿದೆ. ಇಲ್ಲಿ ಅಂಥವು ನೂರಾರು.

ಇದು ದೇಶದ ಅತಿ ದುಬಾರಿ ಉದ್ಯಾನಗಳಲ್ಲಿ ಒಂದಾಗುತ್ತದೆ ಅಂತ ವಾಷಿಂಗ್ಟನ್‌ನಲ್ಲಿ ಆಕ್ಷೇಪ ಎದ್ದಿತು. ಶ್ರೀಮಂತರ ಊರಿನ ಪಾರ್ಕಿಗೆ ಇಡೀ ದೇಶದ ತೆರಿಗೆ ಯಾಕೆ ಸುರಿಯಬೇಕು, ಮಾರಿಬಿಡಿ ಅಂದರು ಕೆಲವರು. ಆ ಮಾತನ್ನು ಸುಮ್ಮನೆ ತಳ್ಳಿಹಾಕುವ ಹಾಗಿರಲಿಲ್ಲ. ಬರ್ಟನ್ ಷರತ್ತು ಜಾಗವನ್ನು ಕೊಟ್ಟಿತ್ತೇ ಹೊರತು ದುಡ್ಡನ್ನು ಕೊಟ್ಟಿರಲಿಲ್ಲ.

ಆಗ ಮುಂದೆ ಬಂದವರು ನ್ಯಾನ್ಸಿ ಪೆಲೋಸಿ. ಬರ್ಟನ್ ನಂತರ ಅವರ ಹೆಂಡತಿ ಸಾಲಾ ಬರ್ಟನ್ ಸಂಸದೆಯಾಗಿದ್ದರು, ಅವರು ತೀರಿಕೊಂಡ ಮೇಲೆ 1987ರಲ್ಲಿ ಪೆಲೋಸಿ ಗೆದ್ದಿದ್ದರು. 1996ರಲ್ಲಿ ಅವರು ಎರಡೂ ಪಕ್ಷದವರನ್ನು ಒಪ್ಪಿಸಿ 'ಪ್ರೆಸಿಡಿಯೋ ಟ್ರಸ್ಟ್' ಅನ್ನುವ ಹೊಸ ಸಂಸ್ಥೆಗೆ ಕಾನೂನು ಮಾಡಿಸಿದರು. ಈ ಕಾನೂನು ಸ್ವಲ್ಪ ವಿಚಿತ್ರವಾಗಿದೆ, ಹಾಗಾಗಿ ನಿಧಾನವಾಗಿ ನೋಡೋಣ.

ಜಾಗವನ್ನು ಎರಡು ಭಾಗ ಮಾಡಿದರು. ಸಮುದ್ರ ದಂಡೆಯ ಉದ್ದಕ್ಕೂ ಇರುವ ಸುಮಾರು 20 ಶೇಕಡಾ ಉದ್ಯಾನ ಇಲಾಖೆಗೆ. ಒಳಭಾಗದ 80 ಶೇಕಡಾ, ಅಂದರೆ ಕಟ್ಟಡಗಳಲ್ಲಿ ಹೆಚ್ಚಿನವು ಇರುವ ಭಾಗ, ಟ್ರಸ್ಟಿಗೆ. ಟ್ರಸ್ಟ್ ಖಾಸಗಿ ಅಲ್ಲ, ಅದು ಕೇಂದ್ರ ಸರ್ಕಾರದ್ದೇ ಸಂಸ್ಥೆ. ಏಳು ಜನರ ಮಂಡಳಿ, ಆರು ಜನರನ್ನು ಅಮೆರಿಕದ ಅಧ್ಯಕ್ಷರು ನೇಮಿಸುತ್ತಾರೆ, ಏಳನೆಯವರು ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ 'ಇಂಟೀರಿಯರ್' ಇಲಾಖೆಯ ಕಾರ್ಯದರ್ಶಿ (ನಮ್ಮಲ್ಲಿ ಮಂತ್ರಿ ಇದ್ದ ಹಾಗೆ) ಅಥವಾ ಅವರು ಕಳಿಸುವವರು. ಟ್ರಸ್ಟಿಗೆ ಕಟ್ಟಡಗಳನ್ನು ಬಾಡಿಗೆಗೆ, ಗುತ್ತಿಗೆಗೆ ಕೊಡುವ ಅಧಿಕಾರ ಇದೆ. ಮುಖ್ಯವಾದ ವಿಷಯ ಮುಂದಿದೆ: ಬಂದ ಬಾಡಿಗೆ ಸರ್ಕಾರದ ಖಜಾನೆಗೆ ಹೋಗಿ ಕರಗುವುದಿಲ್ಲ, ಪ್ರೆಸಿಡಿಯೋದಲ್ಲೇ ಖರ್ಚಾಗುತ್ತದೆ. ಶುರುವಿನಲ್ಲಿ ಕೇಂದ್ರದಿಂದ ವರ್ಷ ವರ್ಷ ಅನುದಾನ, ಅದು ಕಡಿಮೆ ಆಗುತ್ತಾ ಹೋಗಿ ಕೊನೆಗೆ ಸೊನ್ನೆ.

ಮತ್ತೆ ಒಂದು ಗಡುವು. 2013ರ ಹೊತ್ತಿಗೆ ಟ್ರಸ್ಟ್ ತನ್ನ ಖರ್ಚು ತಾನೇ ನೋಡಿಕೊಳ್ಳದಿದ್ದರೆ, ಈ ಜಾಗ ಸರ್ಕಾರಿ ಆಸ್ತಿ ವಿಲೇವಾರಿ ಮಾಡುವ ಇಲಾಖೆಗೆ ಹೋಗುತ್ತದೆ. ಅಂದರೆ ಮಾರಾಟದ ಬಾಗಿಲು ತೆರೆಯುತ್ತದೆ. ಪಾರ್ಕಿಗೆ ಪರೀಕ್ಷೆ ಇಟ್ಟು, ಫೇಲ್ ಆದರೆ ಮಾರಿಬಿಡುತ್ತೇವೆ ಅಂದ ಹಾಗೆ. ಮಾರಿ ಅಂದವರ ಬಾಯಿ ಮುಚ್ಚಿಸಲು ಪೆಲೋಸಿ ಕೊಟ್ಟ ಬೆಲೆ ಇದು. ನನಗಂತೂ ಇದು ಚಾಣಾಕ್ಷ ಅನ್ನಿಸುತ್ತದೆ, ಅಪಾಯಕಾರಿ ಅಂತಲೂ ಅನ್ನಿಸುತ್ತದೆ.

1998ರಲ್ಲಿ ಟ್ರಸ್ಟ್ ಕೆಲಸ ಶುರು ಮಾಡಿತು. ಅಧಿಕಾರಿಗಳ ಮನೆಗಳನ್ನು, ಸೈನಿಕರ ಕುಟುಂಬಗಳ ವಸತಿಗಳನ್ನು ದುರಸ್ತಿ ಮಾಡಿ ಸಾರ್ವಜನಿಕರಿಗೆ ಬಾಡಿಗೆಗೆ ಕೊಟ್ಟರು. ಇವತ್ತು ಆ ಪಾರ್ಕಿನೊಳಗೆ ಸಾವಿರಕ್ಕೂ ಹೆಚ್ಚು ಮನೆಗಳಿವೆ, ಸುಮಾರು 3,000 ಜನ ವಾಸ ಇದ್ದಾರೆ. ರಾಷ್ಟ್ರೀಯ ಉದ್ಯಾನದೊಳಗೆ ಹಾಲು, ಪೇಪರ್, ಶಾಲೆಯ ವ್ಯಾನು! ಬ್ಯಾರಕ್‌ಗಳು ಆಫೀಸುಗಳಾದವು. 1903ರಲ್ಲಿ ಮದುವೆಯಾಗದ ಅಧಿಕಾರಿಗಳಿಗೆ ಕಟ್ಟಿದ ವಸತಿ 2012ರಲ್ಲಿ ಹೋಟೆಲ್ ಆಯಿತು. ಇನ್ನೊಂದು ಬ್ಯಾರಕ್‌ನಲ್ಲಿ ವಾಲ್ಟ್ ಡಿಸ್ನಿಯ ಕುಟುಂಬದವರು ಮ್ಯೂಸಿಯಂ ತೆರೆದರು. 1981ರ ಸುಮಾರಿಗೆ ಮುಚ್ಚಿಬಿದ್ದ ಪಕ್ಕದ ನಾವಿಕರ ಆಸ್ಪತ್ರೆಯೂ ಈ ಲೆಕ್ಕಕ್ಕೆ ಸೇರಿ 2010ರಲ್ಲಿ ಅಪಾರ್ಟ್‌ಮೆಂಟ್ ಆಯಿತು.

ದೊಡ್ಡ ಬಾಡಿಗೆದಾರ ಸಿಕ್ಕಿದ್ದು ಲೆಟರ್‌ಮನ್ ಅನ್ನುವ ಸೇನಾ ಆಸ್ಪತ್ರೆಯ ಜಾಗದಲ್ಲಿ. ಅಲ್ಲಿ 1960ರ ದಶಕದ ಹತ್ತು ಅಂತಸ್ತಿನ ಒಂದು ಕಾಂಕ್ರೀಟ್ ಕಟ್ಟಡ ಇತ್ತು. ಅದನ್ನು ಕೆಡವಿ, 23 ಎಕರೆಯಲ್ಲಿ ಚಿತ್ರ ನಿರ್ದೇಶಕ ಜಾರ್ಜ್ ಲ್ಯೂಕಾಸ್ ತಮ್ಮ ಲ್ಯೂಕಾಸ್‌ಫಿಲ್ಮ್ ಕಂಪನಿಗೆ ಕ್ಯಾಂಪಸ್ ಕಟ್ಟಿದರು, 2005ರಲ್ಲಿ ತೆರೆಯಿತು. ಕಟ್ಟಿದ ಖರ್ಚು ಅವರದು, ನೆಲದ ಬಾಡಿಗೆ ವರ್ಷಕ್ಕೆ 50 ಲಕ್ಷ ಡಾಲರ್‌ಗೂ ಮೀರಿ ಟ್ರಸ್ಟಿಗೆ. ಬಾಗಿಲಲ್ಲಿ 'ಸ್ಟಾರ್ ವಾರ್ಸ್' ಸಿನಿಮಾದ ಯೋಡಾನ ಕಾರಂಜಿ ಇದೆ, ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಾರೆ.

ಪಾರ್ಕಿನಲ್ಲಿ ಹೊಸ ಕಟ್ಟಡ ಅಂದರೆ ಹೇಗೆ ಅಂತ ನೀವು ಕೇಳಬಹುದು. ಕಾನೂನಿನ ಪ್ರಕಾರ ಹೊಸದು ಕಟ್ಟಬೇಕಾದರೆ ಈಗಾಗಲೇ ಕಟ್ಟಡಗಳಿರುವ ಕಡೆಯೇ ಕಟ್ಟಬೇಕು, ಅಲ್ಲಿದ್ದದ್ದನ್ನು ಕೆಡವಿ ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದನ್ನು ಕಟ್ಟಬೇಕು. ಟ್ರಸ್ಟ್ 2002ರ ತನ್ನ ಯೋಜನೆಯಲ್ಲಿ ಇದಕ್ಕೆ ಒಟ್ಟು ಲೆಕ್ಕ ಇಟ್ಟಿತು: ಎಲ್ಲ ಕಟ್ಟಡಗಳ ವಿಸ್ತೀರ್ಣ ಸೇರಿ 56 ಲಕ್ಷ ಚದರ ಅಡಿ ದಾಟಬಾರದು. ಸೇನೆ ಬಿಟ್ಟುಹೋದದ್ದು ಅದಕ್ಕಿಂತ ಜಾಸ್ತಿ ಇತ್ತು. ಹಾಗಾಗಿ ಬಾಡಿಗೆ ಎಷ್ಟೇ ಆಸೆ ಹುಟ್ಟಿಸಿದರೂ ಹಸಿರನ್ನು ತಿನ್ನುವ ಹಾಗಿಲ್ಲ.

ಆಸೆ ಹುಟ್ಟಿಸಲಿಲ್ಲ ಅಂತಲ್ಲ. ಗ್ಯಾಪ್ ಬಟ್ಟೆ ಕಂಪನಿಯ ಡೊನಾಲ್ಡ್ ಫಿಶರ್ 2007ರಲ್ಲಿ ತಮ್ಮ ಕಲಾಸಂಗ್ರಹಕ್ಕೆ ಇಲ್ಲೊಂದು ಮ್ಯೂಸಿಯಂ ಕಟ್ಟುತ್ತೇನೆ ಅಂದರು. ಅವರು ಆರಿಸಿದ್ದು ಸೇನೆಯ ಹಳೇ ಪರೇಡ್ ಮೈದಾನದ ತುದಿ, ಎಲ್ಲಕ್ಕಿಂತ ಹಳೆಯ ಭಾಗ. ನೆರೆಹೊರೆಯವರು, ಇತಿಹಾಸದ ಕಡೆಯವರು ಪಟ್ಟು ಹಿಡಿದು ವಿರೋಧಿಸಿದರು. 2009ರಲ್ಲಿ ಫಿಶರ್ ಕೈಬಿಟ್ಟರು. ಮುಂದೆ ಲ್ಯೂಕಾಸ್ ಅವರೇ ಕ್ರಿಸ್ಸಿ ಫೀಲ್ಡ್ ಎದುರಿಗೆ ಮ್ಯೂಸಿಯಂ ಕಟ್ಟುವ ಪ್ರಸ್ತಾಪ ಇಟ್ಟರು. 2014ರಲ್ಲಿ ಟ್ರಸ್ಟ್ ಅದಕ್ಕೂ ಬೇಡ ಅಂದಿತು. ತನ್ನ ದೊಡ್ಡ ಬಾಡಿಗೆದಾರನಿಗೇ ಇಲ್ಲ ಅನ್ನುವುದು ಸಣ್ಣ ಮಾತಲ್ಲ. ಅಷ್ಟರಲ್ಲಿ 2013ರ ಗಡುವು ದಾಟಿ, ಅನುದಾನ ಇಲ್ಲದೆ ತನ್ನ ಕಾಲ ಮೇಲೆ ನಿಂತಿತ್ತಲ್ಲ, ಆ ಧೈರ್ಯವೂ ಇದ್ದಿರಬೇಕು.

ಈ ಲೆಕ್ಕಾಚಾರಕ್ಕೆ ಇನ್ನೊಂದು ಮುಖ ಇದೆ. ಪಾರ್ಕ್ ಉಳಿಯುವುದು ಬಾಡಿಗೆಯಿಂದ. ಹಾಗಾದರೆ ಬಾಡಿಗೆ ಮಾರುಕಟ್ಟೆಯ ದರದಲ್ಲಿ ಬರಲೇಬೇಕು. ಸ್ಯಾನ್ ಫ್ರಾನ್ಸಿಸ್ಕೋದ ಮಾರುಕಟ್ಟೆ ದರ ಅಂದರೆ ಮೇಷ್ಟ್ರುಗಳಿಗೆ, ನರ್ಸುಗಳಿಗೆ ಎಟುಕುವಂಥದ್ದಲ್ಲ. ನಡೆದಾಡಲು, ಪಿಕ್‌ನಿಕ್‌ಗೆ ಎಲ್ಲರಿಗೂ ಬಿಟ್ಟಿ ಪ್ರವೇಶ. ಒಳಗೆ ಮನೆ ಮಾಡಲು ಮಾತ್ರ ಜೇಬು ಗಟ್ಟಿ ಇರಬೇಕು. ಊರಿನಲ್ಲಿ ಮನೆಗಳಿಗೆ ಹಾಹಾಕಾರ ಇರುವಾಗ ಸರ್ಕಾರದ ಜಾಗದಲ್ಲಿ ಬಡವರಿಗೆ ಮನೆ ಕೊಡಬಹುದಿತ್ತಲ್ಲ ಅಂತ ಅಂದಿನಿಂದ ಇಂದಿನವರೆಗೆ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ 1996ರ ಕಾನೂನು ಆ ಆಯ್ಕೆಗೆ ಹೆಚ್ಚು ಜಾಗ ಬಿಡಲಿಲ್ಲ.

ಇನ್ನು ವಿಷದ ವಿಷಯ. ಸೇನೆಯ ಜಾಗ ಅಂದರೆ ಮೇಲೆ ಹಸಿರು ಕಂಡರೂ ನೆಲದಡಿ ಏನಿದೆಯೋ ಹೇಳಲಾಗದು. ಇಲ್ಲಿ ನೂರೈವತ್ತು ವರ್ಷ ಕಸವನ್ನು ಹತ್ತಿರದ ಹಳ್ಳಕ್ಕೆ ಸುರಿದು ಮಣ್ಣು ಮುಚ್ಚುವುದು ರೂಢಿ. ಆ ಕಾಲಕ್ಕೆ ಅದು ತಪ್ಪು ಅಂತಲೂ ಯಾರಿಗೂ ಅನ್ನಿಸಿರಲಿಕ್ಕಿಲ್ಲ. ನೆಲದಡಿ ಎಣ್ಣೆಯ ಪೈಪು, ಟ್ಯಾಂಕು, ಅವುಗಳ ಸೋರಿಕೆ. ಹಳೇ ಮನೆಗಳ ಗೋಡೆಯಿಂದ ಉದುರಿದ ಸೀಸದ ಬಣ್ಣ ಸುತ್ತಲಿನ ಮಣ್ಣಿಗೆ ಸೇರಿತ್ತು. ಮಕ್ಕಳು ಆಡುವ ಮಣ್ಣು ಅದು.

ಮಾಡಿದವರೇ ಶುಚಿ ಮಾಡಬೇಕು ಅನ್ನುವುದು ನಿಯಮ. ಆದರೆ ಸೇನೆಯ ಪ್ರಕಾರ ಶುಚಿ ಅಂದರೆ ಎಷ್ಟು, ಪಾರ್ಕಿನವರ ಪ್ರಕಾರ ಎಷ್ಟು ಅನ್ನುವಲ್ಲಿ ಜಗ್ಗಾಟ. ಕಸದ ಗುಂಡಿಯ ಮೇಲೆ ಒಂದು ಪದರ ಮಣ್ಣು ಹಾಕಿ ಬೇಲಿ ಹಾಕಿದರೂ ಒಂದು ರೀತಿಯಲ್ಲಿ ಕೆಲಸ ಮುಗಿಯುತ್ತದೆ. ಪಾರ್ಕಿಗೆ ಅದು ಸಾಲದು. ಕೊನೆಗೆ 1999ರಲ್ಲಿ ಒಂದು ಒಪ್ಪಂದ ಆಯಿತು: ಸೇನೆ 9.9 ಕೋಟಿ ಡಾಲರ್ ಕೊಡುತ್ತದೆ, ಶುಚಿ ಮಾಡುವ ಕೆಲಸ ಟ್ರಸ್ಟಿನದು. ಸೇನೆಗೆ ಕೈ ತೊಳೆದುಕೊಂಡ ಸಮಾಧಾನ. ಟ್ರಸ್ಟಿಗೆ ತನ್ನ ವೇಗದಲ್ಲಿ, ತನಗೆ ಬೇಕಾದ ಮಟ್ಟಕ್ಕೆ ಕೆಲಸ ಮಾಡುವ ಸ್ವಾತಂತ್ರ್ಯ. ಅಗೆದಾಗ ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಕ್ಕರೆ ಏನು ಮಾಡುವುದು ಅಂತ ವಿಮೆಯನ್ನೂ ಮಾಡಿಸಿಟ್ಟರು. ಕೆಲಸ ವರ್ಷಗಟ್ಟಲೆ ನಡೆಯಿತು.

ಇದನ್ನೆಲ್ಲ ಒಂದೇ ಜಾಗದಲ್ಲಿ ನೋಡಬೇಕಾದರೆ ಕ್ರಿಸ್ಸಿ ಫೀಲ್ಡ್‌ಗೆ ಹೋಗಬೇಕು. ಇದು ದಂಡೆಯ ಭಾಗ, ಉದ್ಯಾನ ಇಲಾಖೆಯದು, ಸುಮಾರು 100 ಎಕರೆ. ಮೊದಲು ಇದು ಉಬ್ಬರದ ನೀರು ನುಗ್ಗುವ ಜೌಗು, ನೂರು ಎಕರೆಗೂ ಮೀರಿ ಹರಡಿತ್ತು. ಓಲೋನಿ ಜನ ಇಲ್ಲಿ ಚಿಪ್ಪು ಆಯ್ದು ತಿನ್ನುತ್ತಿದ್ದರು. 1915ರ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನಕ್ಕೆ ಜಾಗ ಬೇಕು ಅಂತ ಜೌಗನ್ನೆಲ್ಲ ಮಣ್ಣು ತುಂಬಿ ಮಟ್ಟ ಮಾಡಿದರು. ಪ್ರದರ್ಶನ ಮುಗಿಯಿತು, ಮಟ್ಟಸವಾದ ಬಯಲು ಉಳಿಯಿತು. ವಿಮಾನಕ್ಕೆ ಇನ್ನೇನು ಬೇಕು? 1921ರಲ್ಲಿ ಸೇನೆಯ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೆ ಎರಡು ವರ್ಷ ಮೊದಲು ದೇಶದ ಒಂದು ದಡದಿಂದ ಇನ್ನೊಂದು ದಡಕ್ಕೆ ನಡೆದ ವಿಮಾನ ಓಟದಲ್ಲಿ ಸತ್ತ ಮೇಜರ್ ಡೇನಾ ಕ್ರಿಸ್ಸಿಯ ಹೆಸರು ಅದಕ್ಕೆ. ಮುಂದೆ ಸೇತುವೆ ಎದ್ದಿತು, ವಿಮಾನಗಳು ದೊಡ್ಡದಾದವು, ರನ್‌ವೇ ಸಾಲದೆ ಬಂತು. ಸೇನೆ ಹೊರಡುವ ಹೊತ್ತಿಗೆ ಅಲ್ಲಿ ಇದ್ದದ್ದು ಡಾಂಬರು, ಜಲ್ಲಿ, ತಂತಿಬೇಲಿ.

1998ರಿಂದ 2001ರ ನಡುವೆ ಅದನ್ನು ತಿರುಗಿಸಿದರು. ಖರ್ಚು ಸುಮಾರು 3.4 ಕೋಟಿ ಡಾಲರ್, ಹೆಚ್ಚಿನದು ದೇಣಿಗೆ. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ಹಾಸ್ ಕುಟುಂಬದ ಒಂದೇ ನಿಧಿಯಿಂದ. 87,000 ಟನ್ ವಿಷಕಾರಿ ಮಣ್ಣು, ಕಸ ಹೊರಹೋಯಿತು. ಡಾಂಬರು ಕಿತ್ತರು. ಸುಮಾರು 18 ಎಕರೆ ಅಗೆದು ಮತ್ತೆ ಜೌಗು ಮಾಡಿದರು, ಅಗೆದ ಮಣ್ಣನ್ನು ಬಯಲಿಗೆ ಹಾಕಿ 1920ರ ದಶಕದ ಹುಲ್ಲಿನ ವಿಮಾನ ಬಯಲನ್ನು ಮತ್ತೆ ಮೂಡಿಸಿದರು. ಸುಮಾರು 3,000 ಸ್ವಯಂಸೇವಕರು ಒಂದು ಲಕ್ಷ ಸ್ಥಳೀಯ ಗಿಡ ನೆಟ್ಟರು, ಶಾಲೆಯ ಮಕ್ಕಳೂ ಸೇರಿ. 1999ರ ನವೆಂಬರಿನಲ್ಲಿ ಸಮುದ್ರಕ್ಕೂ ಜೌಗಿಗೂ ನಡುವಿನ ಮರಳನ್ನು ಕಡಿದು ಕಾಲುವೆ ತೆರೆದಾಗ ನೀರು ಒಳಗೆ ಬಂತು, ಎಂಬತ್ತು ವರ್ಷಕ್ಕೂ ಹೆಚ್ಚು ಕಾಲದ ಮೇಲೆ.

ಆಮೇಲೆ ಏನಾಯಿತು ಅನ್ನುವುದು ನನಗೆ ಹೆಚ್ಚು ಇಷ್ಟವಾದ ಭಾಗ. ಅಳಿವೆಯ ಬಾಯಿ ಮುಚ್ಚಿಕೊಂಡಿತು! ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಉಬ್ಬರದಲ್ಲಿ ಒಳಗೆ ಬಂದ ನೀರು ಇಳಿತದಲ್ಲಿ ರಭಸವಾಗಿ ಹೊರಗೆ ಹೋಗುವಾಗ ಬಾಯಿಯಲ್ಲಿ ಕೂತ ಮರಳನ್ನು ತಳ್ಳಿಕೊಂಡು ಹೋಗುತ್ತದೆ. ಆದರೆ ದಂಡೆಯ ಉದ್ದಕ್ಕೂ ಅಲೆಗಳು ಮರಳನ್ನು ತಂದು ತಂದು ಸುರಿಯುತ್ತಲೇ ಇರುತ್ತವೆ. ಜೌಗು ದೊಡ್ಡದಿದ್ದರೆ ನೀರಿನ ರಭಸ ಗೆಲ್ಲುತ್ತದೆ, ಚಿಕ್ಕದಿದ್ದರೆ ಮರಳು ಗೆಲ್ಲುತ್ತದೆ. ನೂರು ಎಕರೆ ಇದ್ದದ್ದು 18 ಎಕರೆ ಆದರೆ ಇನ್ನೇನಾಗುತ್ತದೆ? ಆಗಾಗ ಯಂತ್ರ ತಂದು ಬಾಯಿ ಬಿಡಿಸಬೇಕಾಗುತ್ತದೆ. ದೊಡ್ಡದಾಗಿ ಮಾಡಬಹುದಿತ್ತಲ್ಲ? ಮಾಡಬಹುದಿತ್ತು, ಆದರೆ ಆಗ ವಿಮಾನ ಬಯಲು ಹೋಗುತ್ತಿತ್ತು, ಅದೂ ಇತಿಹಾಸವೇ. ನಾಯಿಗಳನ್ನು ಬಿಟ್ಟು ಓಡಾಡಿಸುವವರಿಗೆ, ಗಾಳಿಹಾಯಿ ಹಲಗೆಯ ಮೇಲೆ ಸಮುದ್ರಕ್ಕಿಳಿಯುವವರಿಗೆ, ವಾಹನ ನಿಲ್ಲಿಸುವವರಿಗೆ, ದಂಡೆಯಲ್ಲಿ ಚಳಿಗಾಲ ಕಳೆಯುವ ಸ್ನೋಯಿ ಪ್ಲವರ್ ಹಕ್ಕಿಗಳಿಗೆ ಎಲ್ಲರಿಗೂ ಪಾಲು ಬೇಕಿತ್ತು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಟ್ಟರು, ಅಳಿವೆಗೆ ಕಮ್ಮಿ ಬಿತ್ತು. 2020ರಲ್ಲಿ ಪಕ್ಕದ ಕಣಿವೆಯಿಂದ ಬರುವ ತೊರೆಯನ್ನು ಪೈಪಿನಿಂದ ಹೊರಗೆ ತಂದು ಸುಮಾರು 7 ಎಕರೆ ಹೊಸ ಜೌಗಿನ ಮೂಲಕ ಇದಕ್ಕೆ ಸೇರಿಸಿದರು, ಅಷ್ಟರ ಮಟ್ಟಿಗೆ ಒಳ್ಳೆಯದಾಯಿತು.

ಯಾವ ಕಾಲವನ್ನು ವಾಪಸ್ ತರಬೇಕು ಅನ್ನುವ ಈ ತಕರಾರು ಮರಗಳ ವಿಷಯದಲ್ಲಿ ಇನ್ನೂ ಜೋರು. ಮೇಜರ್ ಜೋನ್ಸ್ ನೆಡಿಸಿದ ಕಾಡು ಇಲ್ಲಿನದಲ್ಲ, ಅದರ ನೆರಳಿನಲ್ಲಿ ಮೂಲದ ಮರಳುದಿಬ್ಬದ ಗಿಡಗಳು ಸತ್ತವು. ಆದರೆ ಆ ಕಾಡಿಗೂ ಈಗ ನೂರು ವರ್ಷ ಮೀರಿದೆ, ಅದಕ್ಕೂ ಚಾರಿತ್ರಿಕ ರಕ್ಷಣೆ ಇದೆ, ಮತ್ತು ಒಂದೇ ಕಾಲಕ್ಕೆ ನೆಟ್ಟಿದ್ದರಿಂದ ಮರಗಳೆಲ್ಲ ಒಟ್ಟಿಗೇ ಮುದಿಯಾಗುತ್ತಿವೆ. ಹಾಗಾಗಿ ನಕ್ಷೆಯಲ್ಲಿ ಹಂಚಿಕೊಂಡರು: ಸುಮಾರು 300 ಎಕರೆ ಹಳೇ ಕಾಡು, ಅಲ್ಲಿ ಬಿದ್ದ ಮರದ ಜಾಗಕ್ಕೆ ಮತ್ತೆ ಮರ. ಬೇರೆ ಕಡೆ ಸ್ಥಳೀಯ ಗಿಡಗಳು. ಉಳಿದ ಕಡೆ ತೋಟ, ಹುಲ್ಲುಹಾಸು.

ಸ್ಥಳೀಯ ಗಿಡಗಳ ಕಡೆಯವರ ಹಟ ಸುಮ್ಸುಮ್ನೆ ಅಲ್ಲ. ರೇವನ್ಸ್ ಮ್ಯಾಂಜನೀಟಾ ಅನ್ನುವ ಕುರುಚಲು ಗಿಡದ ಕಾಡುಮೂಲದ ಒಂದೇ ಒಂದು ಗಿಡ ಉಳಿದಿರುವುದು ಪ್ರೆಸಿಡಿಯೋದಲ್ಲಿ. ಅದರ ನಂಟ ಫ್ರಾನ್ಸಿಸ್ಕನ್ ಮ್ಯಾಂಜನೀಟಾ 1940ರ ದಶಕದಲ್ಲೇ ಕಾಡಿನಿಂದ ಅಳಿದುಹೋಯಿತು ಅಂತ ಎಲ್ಲರೂ ನಂಬಿದ್ದರು. 2009ರಲ್ಲಿ ಹೆದ್ದಾರಿ ಕೆಲಸಕ್ಕೆ ಅಂತ ಪೊದೆ ಸವರಿದಾಗ, ರಸ್ತೆಗಳ ನಡುವಿನ ಒಂದು ತುಂಡು ನೆಲದಲ್ಲಿ ಅದು ಕಂಡಿತು. ಕಂಡದ್ದು ಕಾರಿನಲ್ಲಿ ಹಾದುಹೋಗುತ್ತಿದ್ದ ಒಬ್ಬ ಸಸ್ಯತಜ್ಞರಿಗೆ. ಮುಂದಿನ ಜನವರಿಯಲ್ಲಿ ಹಲವು ಟನ್ ಮಣ್ಣಿನ ಹೆಂಟೆ ಸಮೇತ ಅದನ್ನು ಎತ್ತಿ ಪಾರ್ಕಿನೊಳಗೆ ಬೇರೆ ಕಡೆ ನೆಟ್ಟರು.

ಸೇನೆಯ ನೆನಪಿನಲ್ಲೂ ಇದೇ ಪ್ರಶ್ನೆ. 1942ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಸುಮಾರು 1,20,000 ಜನರನ್ನು, ಅವರಲ್ಲಿ ಮೂರನೇ ಎರಡು ಪಾಲು ಅಲ್ಲಿನ ಪ್ರಜೆಗಳೇ, ಮನೆ ಬಿಡಿಸಿ ಶಿಬಿರಗಳಿಗೆ ತುಂಬಿದರಲ್ಲ, ಆ ಆದೇಶಗಳು ಹೊರಟದ್ದು ಪ್ರೆಸಿಡಿಯೋದಲ್ಲಿದ್ದ ಜನರಲ್ ಡೆವಿಟ್ ಕಚೇರಿಯಿಂದ. ಅದೇ ಹೊತ್ತಿನಲ್ಲಿ ಕೆಳಗೆ ಕ್ರಿಸ್ಸಿ ಫೀಲ್ಡ್‌ನ 640ನೇ ನಂಬರಿನ ಹ್ಯಾಂಗರ್‌ನಲ್ಲಿ ಒಂದು ರಹಸ್ಯ ಶಾಲೆ ನಡೆಯುತ್ತಿತ್ತು. 1941ರ ನವೆಂಬರಿನಲ್ಲಿ 60 ವಿದ್ಯಾರ್ಥಿಗಳೊಂದಿಗೆ ಶುರುವಾದದ್ದು, ಇಬ್ಬರನ್ನು ಬಿಟ್ಟು ಎಲ್ಲರೂ ಜಪಾನಿ ಮೂಲದ ಅಮೆರಿಕನ್ ಸೈನಿಕರು. ಬೆಂಚಿಗೆ ಬದಲು ಕಿತ್ತಳೆ ಹಣ್ಣಿನ ಪೆಟ್ಟಿಗೆಗಳು. ಯುದ್ಧಕ್ಕೆ ಬೇಕಾದ ಜಪಾನಿ ಭಾಷೆ, ವಶಪಡಿಸಿಕೊಂಡ ಕಾಗದಪತ್ರ ಓದುವುದು, ಸೆರೆಸಿಕ್ಕವರನ್ನು ಮಾತಾಡಿಸುವುದು ಇವರಿಗೆ ಕಲಿಸುತ್ತಿದ್ದರು. ಬೆಟ್ಟದ ಮೇಲಿನ ಕಚೇರಿ ಇವರ ಅಪ್ಪ-ಅಮ್ಮಂದಿರನ್ನು ಊರು ಬಿಡಿಸಿತು, ಆಮೇಲೆ ಶಾಲೆಯೂ ಇಲ್ಲಿರುವ ಹಾಗಿಲ್ಲ ಅಂತ ಮಿನ್ನೆಸೋಟಾಕ್ಕೆ ಹೋಯಿತು. 2013ರಿಂದ ಆ ಹ್ಯಾಂಗರ್ ಒಂದು ಮ್ಯೂಸಿಯಂ. ಅಲ್ಲಿ ಪಕ್ಕದ ಹ್ಯಾಂಗರ್‌ಗಳಲ್ಲಿ ಕೃತಕ ಬಂಡೆ ಹತ್ತುವ ಜಿಮ್ ಕೂಡ ಇದೆ. ಪ್ರೆಸಿಡಿಯೋ ಅಂದರೆ ಈ ಎರಡೂ.

ಹೆದ್ದಾರಿ ಅಂದೆನಲ್ಲ, ಅದೂ ಸೇನೆಯ ಕಾಲದ್ದೇ. ಸೇತುವೆಗೆ ಹೋಗುವ ಡಾಯ್ಲ್ ಡ್ರೈವ್ ಅನ್ನುವ ಎತ್ತರದ ರಸ್ತೆ 1930ರ ದಶಕದಲ್ಲಿ ಜಾಗವನ್ನು ಎರಡು ಹೋಳು ಮಾಡಿತ್ತು, ಮೇಲಿನ ಗುಡ್ಡದಿಂದ ಕೆಳಗಿನ ದಂಡೆಗೆ ನೆಟ್ಟಗೆ ಇಳಿಯುವ ಹಾಗಿರಲಿಲ್ಲ. ಭೂಕಂಪಕ್ಕೆ ತಡೆಯುವುದಿಲ್ಲ ಅಂತ ಅದನ್ನು ಕೆಡವಿ, 2015ರ ಹೊತ್ತಿಗೆ ಹೊಸ ರಸ್ತೆಯನ್ನು ಸುರಂಗಗಳಲ್ಲಿ ಹಾಯಿಸಿದರು. ಸುರಂಗದ ಮಾಡಿನ ಮೇಲೆ ಮಣ್ಣು ಹಾಕಿ 14 ಎಕರೆಯ 'ಟನಲ್ ಟಾಪ್ಸ್' ಪಾರ್ಕ್ ಮಾಡಿದರು, 2022ರ ಜುಲೈನಲ್ಲಿ ತೆರೆಯಿತು. 11.8 ಕೋಟಿ ಡಾಲರ್ ಖರ್ಚು, ಅದರಲ್ಲಿ 9.8 ಕೋಟಿ ಖಾಸಗಿ ದೇಣಿಗೆ. ಮಕ್ಕಳು ಮೇಲೆ ಜಾರುಬಂಡೆ ಆಡುತ್ತಾರೆ, ಕೆಳಗೆ ವಾಹನ ಓಡುತ್ತವೆ.

ನಮ್ಮಲ್ಲೂ ದಂಡು ಪ್ರದೇಶಗಳ ಮಾತು ಈಚೆಗೆ ನಡೆದಿದೆ. 2023ರಲ್ಲಿ ಹಿಮಾಚಲದ ಯೋಲ್ ಕಂಟೋನ್ಮೆಂಟ್ ರದ್ದಾಯಿತು, ಬೆಳಗಾವಿಯ ಕಂಟೋನ್ಮೆಂಟ್ ಕೂಡ ಚರ್ಚೆಯಲ್ಲಿದೆ. ಆದರೆ ಇಲ್ಲಿ ಪಾಲಿಕೆಗೆ ಸೇರಿಸುವ ಮಾತಿರುವುದು ಜನ ವಾಸ ಇರುವ ಭಾಗ ಮಾತ್ರ, ಸೇನೆಯ ಬಯಲುಗಳು ಸೇನೆಯದ್ದಾಗಿಯೇ ಇರುತ್ತವೆ. ಹಾಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಬರ್ಟನ್ ಷರತ್ತಿನಂಥದ್ದು ನಮ್ಮ ಕಾನೂನಿನಲ್ಲಿ ಬರೆದಿಟ್ಟರೆ ಹೇಗಿರುತ್ತದೆ ಅಂತ ಯೋಚಿಸಬಹುದು, ಅಷ್ಟೇ.

ಪ್ರೆಸಿಡಿಯೋದ ಲೆಕ್ಕ ಇನ್ನೂ ಮುಗಿದಿಲ್ಲ. ದಿನದ ಖರ್ಚು ಬಾಡಿಗೆಯಲ್ಲಿ ನಡೆಯುತ್ತದೆ, ಆದರೆ ಸೇನೆ ಹೂತಿಟ್ಟು ಹೋದ ನೀರಿನ ಪೈಪು, ಕರೆಂಟ್ ಲೈನುಗಳನ್ನೆಲ್ಲ ಬದಲಿಸುವಷ್ಟು ಬಾಡಿಗೆ ಬರುವುದಿಲ್ಲ. 2022ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಅಂಥ ಬಾಕಿ ಕೆಲಸಗಳಿಗೆ 20 ಕೋಟಿ ಡಾಲರ್ ಕೊಟ್ಟಿತು. ಅಂದರೆ ಸ್ವಾವಲಂಬಿ ಅನ್ನುವ ಮಾತಿಗೂ ಒಂದು ಮಿತಿ ಇದೆ. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಕೆಲವು ಸಣ್ಣ ಸರ್ಕಾರಿ ಸಂಸ್ಥೆಗಳನ್ನು ಕಾನೂನು ಹೇಳುವ ಕನಿಷ್ಠ ಮಟ್ಟಕ್ಕೆ ಇಳಿಸಿ ಅಂತ ಆದೇಶ ಹೊರಡಿಸಿದಾಗ ಆ ಪಟ್ಟಿಯಲ್ಲಿ ಪ್ರೆಸಿಡಿಯೋ ಟ್ರಸ್ಟ್ ಹೆಸರೂ ಇತ್ತು. ತಾನು ಮಾಡುವ ಕೆಲಸ ಕಾನೂನಿನಲ್ಲೇ ಇದೆ ಅಂತ ಟ್ರಸ್ಟ್ ಹೇಳಿತು. ನಿಜವೇ, 1996ರ ಕಾನೂನನ್ನು ಬದಲಿಸಬೇಕಾದರೆ ಕಾಂಗ್ರೆಸ್ ಬೇಕು, ಆದೇಶ ಸಾಲದು. ಆದರೆ ಏಳು ಜನರ ಮಂಡಳಿಯಲ್ಲಿ ಆರು ಜನರನ್ನು ನೇಮಿಸುವುದು ಅಧ್ಯಕ್ಷರೇ, ಮತ್ತು ಯಾವ ಕಟ್ಟಡ ಯಾರಿಗೆ ಎಷ್ಟು ಬಾಡಿಗೆಗೆ ಅಂತ ತೀರ್ಮಾನಿಸುವುದು ಆ ಮಂಡಳಿ.